ಮೂರು ಬಾರಿ ಕೇಳುವ ಪ್ರಶ್ನೆ

ಕಳೆದ ಮಾಘಮಾಸದ ಒಂದು ಮಧ್ಯಾಹ್ನ ಕಟ್ಟಾಯ ಹೋಬಳಿಯಲ್ಲಿರುವ ನಮ್ಮ ಹಳ್ಳಿಯ ಮನೆಯ ಜಗುಲಿಯ ಮೇಲೆ ಒಂದು ಮಾತುಕತೆ ನಡೆಯಿತು. ನನ್ನ ಮಗನ ಮಗಳನ್ನು ತಮ್ಮ ಮನೆಗೆ ತಂದುಕೊಳ್ಳಬೇಕೆಂಬ ಅಪೇಕ್ಷೆಯಿಂದ ಚನ್ನರಾಯಪಟ್ಟಣದ ಕಡೆಯ ಐದಾರು ಮಂದಿ ಹಿರಿಯರು ಬಂದಿದ್ದರು. ಒಳ್ಳೆಯ ಮನೆತನ, ತೆಂಗಿನ ತೋಟವುಂಟು, ಹುಡುಗನಿಗೆ ಉದ್ಯೋಗವುಂಟು, ಮನೆಯಲ್ಲಿ ಲಿಂಗಪೂಜೆ ತಪ್ಪಿಲ್ಲ. ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು. ಲಗ್ನವು ಯಾವ ಮಾಸದಲ್ಲಾಗಬೇಕು, ಹಾಸನದ ಛತ್ರದಲ್ಲೋ ಮನೆಯ ಮುಂದಿನ ಚಪ್ಪರದಲ್ಲೋ, ಎರಡೂ ಕಡೆಯಿಂದ ಎಷ್ಟು ಜನ ಸೇರಿಯಾರು, ಬಂಗಾರವೆಷ್ಟು, ಬೆಳ್ಳಿಯೆಷ್ಟು ಎಂಬುದೆಲ್ಲ ಒಂದೊಂದಾಗಿ ಇತ್ಯರ್ಥವಾಗುತ್ತ ಬಂದಿತು. ತಾಂಬೂಲದ ತಟ್ಟೆಗೆ ಕೈ ಚಾಚುವುದೊಂದು ಉಳಿದಿತ್ತು. ಆಗ, ತವರಿಗೆ ಬಂದಿದ್ದ ನನ್ನ ಮಗಳು ನಡುಮನೆಯ ಬಾಗಿಲಲ್ಲಿ ನಿಂತು, "ಅಪ್ಪಾಜಿ, ನನ್ನನ್ನಂತೂ ಯಾರೂ ಕೇಳಲಿಲ್ಲ. ಇವಳನ್ನಾದರೂ ಒಂದು ಮಾತು ಕೇಳಿ" ಎಂದಳು.

ಜಗುಲಿಯ ಮೇಲೆ ಮಾತು ನಿಂತುಹೋಯಿತು. ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾನು ಮಾತ್ರ ತಲೆ ತಗ್ಗಿಸಿದೆ. ಏಕೆಂದರೆ ಮದುವೆಯಲ್ಲಿ ಹೆಣ್ಣನ್ನು ಹೇಗೆ ಕೇಳಬೇಕೆಂಬುದನ್ನು ನಾನು ನಲವತ್ತು ವರ್ಷಗಳ ಹಿಂದೆಯೇ ಕಣ್ಣಾರೆ ಕಂಡಿದ್ದೆ, ಮೆಚ್ಚಿಕೊಂಡಿದ್ದೆ, ಹತ್ತಾರು ಜನರಿಗೆ ವರ್ಣಿಸಿಯೂ ಇದ್ದೆ. ಅದಾದ ಎರಡೇ ವರ್ಷಕ್ಕೆ ನನ್ನ ಮಗಳ ಮದುವೆ ಬಂದಾಗ ಅದನ್ನು ಮರೆತಿದ್ದೆ. ನಾನು ಕಂಡದ್ದೇನು, ಮರೆತದ್ದೇನು ಎಂಬುದನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನಕ್ಕೆ ಕೈ ಹಚ್ಚಿದ್ದೇನೆ.

ನಾನು ಉದ್ಯೋಗ ನಿಮಿತ್ತವಾಗಿ ಬೆಂಗಳೂರಿನಲ್ಲಿ ಬಹುಕಾಲ ಇದ್ದವನು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಪಾರಸಿ ಸಮಾಜಕ್ಕೆ ಸೇರಿದ ಸಜ್ಜನರೊಬ್ಬರು ಕೆಲಸ ಮಾಡುತ್ತಿದ್ದರು. ಮಿತಭಾಷಿಗಳು, ಲೆಕ್ಕದಲ್ಲಿ ಕಟ್ಟುನಿಟ್ಟು, ನಗೆಯಲ್ಲಿ ಧಾರಾಳ. 1984ರ ಚಳಿಗಾಲದಲ್ಲಿ ಅವರ ಮಗಳ ವಿವಾಹ ನಿಶ್ಚಯವಾಗಿ, ನನ್ನನ್ನೂ ನನ್ನ ಮನೆಯವರನ್ನೂ ಸ್ವತಃ ಬಂದು ಆಹ್ವಾನಿಸಿದರು.

ಪಾರಸಿಗಳ ವಿಷಯ ನಮ್ಮ ಗ್ರಾಮಾಂತರದ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲವಾದ್ದರಿಂದ ಎರಡು ಮಾತು ಹೇಳುವುದು ಯುಕ್ತ. ಇವರ ಮೂಲ ನಾಡು ಇರಾನ್, ಧರ್ಮಗುರು ಜರತುಷ್ಟ್ರ, ಧರ್ಮಗ್ರಂಥ ಅವೆಸ್ತಾ, ಏಕದೇವನಿಗೆ ಅವರಿಟ್ಟ ಹೆಸರು ಅಹುರ ಮಜ್ದಾ. ಇರಾನಿನಲ್ಲಿ ರಾಜ್ಯವೂ ಮತವೂ ಬದಲಾದ ಮೇಲೆ ತಮ್ಮ ಧರ್ಮವನ್ನುಳಿಸಿಕೊಳ್ಳಲು ಸಮುದ್ರಮಾರ್ಗವಾಗಿ ಹೊರಟ ಒಂದು ಗುಂಪು ಗುಜರಾತಿನ ಸಂಜಾನ್ ಎಂಬಲ್ಲಿ ಬಂದಿಳಿಯಿತು. ಈ ವೃತ್ತಾಂತವನ್ನು 1599ರಲ್ಲಿ ಬಹಮನ್ ಕೈಕೋಬಾದ್ ಎಂಬ ಪುರೋಹಿತನು ಪಾರಸಿ ಭಾಷೆಯ ಕಾವ್ಯವಾಗಿ ಬರೆದಿಟ್ಟಿದ್ದಾನೆ. ಅದರ ಪ್ರಕಾರ ಅಲ್ಲಿನ ಅರಸನಾದ ಜಾದಿ ರಾಣನು ಆಶ್ರಯ ಕೊಡಲು ಕೆಲವು ನಿಬಂಧನೆಗಳನ್ನು ಮುಂದಿಟ್ಟನು. ನಿಮ್ಮ ಧರ್ಮವೇನೆಂದು ತಿಳಿಸಬೇಕು, ಈ ನಾಡಿನ ಭಾಷೆಯನ್ನಾಡಬೇಕು, ನಿಮ್ಮ ಹೆಂಗಸರು ಇಲ್ಲಿಯವರಂತೆ ಉಡಬೇಕು, ಆಯುಧಗಳನ್ನು ಕೆಳಗಿಡಬೇಕು, ಮದುವೆಗಳನ್ನು ಸಂಜೆಯ ಹೊತ್ತು ನಡೆಸಬೇಕು. ಈ ಕಥೆಯಲ್ಲಿ ಚರಿತ್ರೆಯೆಷ್ಟು, ಐತಿಹ್ಯವೆಷ್ಟು ಎಂಬ ಚರ್ಚೆ ವಿದ್ವಾಂಸರಿಗಿರಲಿ. ಇಂದಿಗೂ ಪಾರಸಿಗಳ ಮದುವೆ ಸಾಮಾನ್ಯವಾಗಿ ಸೂರ್ಯಾಸ್ತದ ಹೊತ್ತಿಗೇ, ನಾವು ಗೋಧೂಳಿ ಲಗ್ನವೆನ್ನುವ ಸಮಯಕ್ಕೇ, ನಡೆಯುತ್ತದೆ.

ನಮ್ಮ ಕನ್ನಡ ನಾಡಿಗೆ ಈ ಜನ ಹೊಸಬರೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾದುದು ಪಾರಸಿ ಮಹನೀಯರಾದ ಜಮ್‌ಸೇಟ್‌ಜಿ ಟಾಟಾ ಅವರ ಸಂಕಲ್ಪದಿಂದ ಮತ್ತು ಮೈಸೂರು ಸಂಸ್ಥಾನವಿತ್ತ ಭೂಮಿಯಿಂದ. 1904ರಲ್ಲಿಯೇ ತೀರಿಕೊಂಡ ಅವರಿಗೆ ಅದನ್ನು ಕಾಣುವ ಯೋಗವಿರಲಿಲ್ಲ. ಹಳಬರು ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಿದ್ದರು. ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಕಟ್ಟಿದ ಪಾರಸಿಗಳ ಅಗ್ನಿಮಂದಿರವಿದೆ. ಅದರೊಳಗೆ ಅನ್ಯಧರ್ಮೀಯರಿಗೆ ಪ್ರವೇಶವಿಲ್ಲ. ಆದರೆ ಮದುವೆಯು ಸಭಾಂಗಣದಲ್ಲಿ ನಡೆಯುವುದರಿಂದ ನಮ್ಮಂಥವರೂ ಕುಳಿತು ನೋಡಬಹುದು.

ಮದುವೆಗೆ ನಾಲ್ಕು ದಿನ ಮುಂಚೆಯೇ ಮಿತ್ರರು ನನ್ನನ್ನು ತಮ್ಮ ಮನೆಗೆ ಕರೆದಿದ್ದರು. ಹೊಸ್ತಿಲಿಗೆ ಸುಣ್ಣದ ಪುಡಿಯಿಂದ ರಂಗೋಲಿ ಹಾಕಿದ್ದರು. ಬಾಗಿಲಿಗೆ ಹೂವಿನ ತೋರಣ ಕಟ್ಟಿದ್ದರು. ಒಂದು ಕುಂಡದಲ್ಲಿ ಮಾವಿನ ಎಳೆಯ ಸಸಿಯನ್ನು ನೆಟ್ಟು, ಬುಡಕ್ಕೆ ಅರಿಸಿನ, ವೀಳ್ಯದೆಲೆ, ಧಾನ್ಯ, ಬೆಳ್ಳಿಯ ಚೂರು ಹಾಕಿ ಮನೆಮಂದಿಯೆಲ್ಲ ನೀರೆರೆದರು. ಇದಕ್ಕೆ 'ಮಾಂಡವ್ ಸರೋ' ಎಂದು ಹೆಸರು. ಮದುವೆ ಮುಗಿಯುವವರೆಗೆ ದಿನವೂ ನೀರು ಹಾಕಿ, ಬಳಿಕ ಸಸಿಯನ್ನು ನೆಲಕ್ಕೆ ನೆಡುತ್ತಾರಂತೆ. ನಮ್ಮ ಕಡೆ ಚಪ್ಪರದ ದಿನ ಹಾಲುಗಂಬ ನೆಟ್ಟು ಹಾಲು ತುಪ್ಪ ಬಿಡುವುದಿಲ್ಲವೇ? ಭೂಮಿಯಲ್ಲಿ ಹಸಿರನ್ನು ಊರದೆ ಸಂಸಾರವನ್ನು ಊರಲಾಗದೆಂಬ ಒಂದೇ ಭಾವನೆ ಎಲ್ಲಿಯ ಇರಾನಿಗೂ ಎಲ್ಲಿಯ ಹಾಸನ ಸೀಮೆಗೂ ಹೊಂದಿಕೊಂಡಿರುವುದನ್ನು ಕಂಡು ನನಗೆ ಸೋಜಿಗವಾಯಿತು.

ಅಂದು ಅವರ ಮನೆಯಲ್ಲಿ ಇನ್ನೊಂದು ವಿಷಯವನ್ನು ತಿಳಿದೆ. ಪ್ರತಿಯೊಬ್ಬ ಪಾರಸಿಯೂ ಮೈಗೆ ತಾಗಿದಂತೆ 'ಸುದ್ರೆ' ಎಂಬ ತೆಳುವಾದ ಬಿಳಿಯ ಅಂಗಿಯನ್ನೂ ಸೊಂಟಕ್ಕೆ 'ಕುಸ್ತಿ' ಎಂಬ ಪವಿತ್ರ ದಾರವನ್ನೂ ಧರಿಸುತ್ತಾರೆ. ಕುರಿಯ ಉಣ್ಣೆಯಿಂದ ನೂತ 72 ಎಳೆಗಳ ಈ ದಾರವು ಯಸ್ನವೆಂಬ ಧರ್ಮಗ್ರಂಥದ 72 ಅಧ್ಯಾಯಗಳ ಸಂಕೇತ. ಅದನ್ನು ಸೊಂಟಕ್ಕೆ ಮೂರು ಸುತ್ತು ಸುತ್ತುತ್ತಾರೆ. ಸದ್ವಿಚಾರ, ಸದ್ವಚನ, ಸತ್ಕರ್ಮ ಎಂಬ ಮೂರಕ್ಕೆ ಆ ಮೂರು ಸುತ್ತು. ಅಂಗಿಯ ಕೊರಳಿನ ಬಳಿ ಒಂದು ಪುಟ್ಟ ಜೇಬು. ಅದರಲ್ಲಿ ದಿನವೂ ಸತ್ಕಾರ್ಯಗಳನ್ನು ಸಂಚಯಿಸಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ. 'ನವಜೋತ್' ಎಂಬ ದೀಕ್ಷೆಯಲ್ಲಿ ಇದನ್ನು ಗಂಡುಮಗುವಿಗೂ ಹೆಣ್ಣುಮಗುವಿಗೂ ಒಂದೇ ಮಂತ್ರದಿಂದ, ಒಂದೇ ಕ್ರಮದಿಂದ ಕೊಡಲಾಗುತ್ತದೆ. ಇದನ್ನು ಕೇಳಿದೊಡನೆ ನನ್ನ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡಿತು. ಗಂಡೆಂದು ಹೆಣ್ಣೆಂದು ಭೇದವೆಣಿಸದೆ ಇಷ್ಟಲಿಂಗವನ್ನು ಕರುಣಿಸಿದ ಬಸವಾದಿ ಪ್ರಮಥರ ಪರಂಪರೆಯ ನಮಗೆ ಇದು ಅನ್ಯರ ಮಾತೆಂದು ಹೇಗೆ ತೋರೀತು?

ವಿವಾಹದ ಸಂಜೆ ಸಭಾಂಗಣಕ್ಕೆ ಹೋದೆವು. ಲೋಬಾನದ ಪರಿಮಳ ಬಾಗಿಲಿಗೇ ಬಂದು ಸ್ವಾಗತಿಸಿತು. ವರನು ಅಚ್ಚ ಬಿಳುಪಿನ, ಕಸೆ ಕಟ್ಟುವ ನಿಲುವಂಗಿಯನ್ನು ತೊಟ್ಟಿದ್ದನು. ವಧುವೂ ಬಿಳಿಯ ಸೀರೆಯನ್ನೇ ಉಟ್ಟಿದ್ದಳು. ಅದನ್ನು ಕಂಡು ನನ್ನ ಮನೆಯವರು ಬೆಚ್ಚಿ, "ಇದೇನು, ಮದುಮಗಳಿಗೆ ಬಿಳಿ ಸೀರೆಯೇ?" ಎಂದು ನನ್ನ ಕಿವಿಯಲ್ಲಿ ಉಸುರಿದರು. ನಮ್ಮಲ್ಲಿ ಆ ಬಣ್ಣವನ್ನು ಯಾರ ಪಾಲಿಗೆ ಬಿಟ್ಟಿದ್ದೇವೆಂಬುದು ವಾಚಕರಿಗೆ ಗೊತ್ತೇ ಇದೆ. ಪಾರಸಿಗಳಿಗಾದರೋ ಬಿಳುಪು ಶುದ್ಧಿಯ ವರ್ಣ, ಮಂಗಳದ ವರ್ಣ. ನಾನು ಮನೆಯವರಿಗೆ, "ನಮ್ಮ ಹಣೆಯ ವಿಭೂತಿಯ ಬಣ್ಣ ಯಾವುದು?" ಎಂದು ಮಾತ್ರ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಸುಮ್ಮನಾದರು.

ವೇದಿಕೆಯನ್ನೇರುವ ಮುನ್ನ 'ಅಚ್ಚು ಮಿಚ್ಚು' ಎಂಬ ದೃಷ್ಟಿ ತೆಗೆಯುವ ಶಾಸ್ತ್ರ ನಡೆಯಿತು. ವಧುವಿನ ತಾಯಿ ಬೆಳ್ಳಿಯ ತಟ್ಟೆ ಹಿಡಿದು ಬಂದು, ಅದರಲ್ಲಿದ್ದ ಕೋಳಿಮೊಟ್ಟೆಯನ್ನು ಅಳಿಯನ ತಲೆಯ ಸುತ್ತ ಏಳು ಬಾರಿ ನಿವಾಳಿಸಿ ನೆಲಕ್ಕೆ ಒಡೆದರು. ಅನಂತರ ತೆಂಗಿನಕಾಯಿಯನ್ನು ಹಾಗೆಯೇ ನಿವಾಳಿಸಿ ಒಡೆದು, ನೀರನ್ನು ಎಡಬಲಕ್ಕೆ ಚೆಲ್ಲಿದರು. ವರನ ತಾಯಿ ಸೊಸೆಗೂ ಹೀಗೆಯೇ ಮಾಡಿದರು. ಮೊಟ್ಟೆಯನ್ನು ಕಂಡು ನನಗೆ ಒಳಗೊಳಗೇ ಮುಜುಗರವಾದುದು ನಿಜ, ಮುಚ್ಚಿಡಲಾರೆ. ಆದರೆ ಓಕುಳಿಯ ನೀರನ್ನೂ ನಿಂಬೆಯ ಹಣ್ಣನ್ನೂ ನಿವಾಳಿಸುವ ನಾವು ಆ ತಾಯಂದಿರ ಆತಂಕವನ್ನು ಅರಿಯದವರೇ? ಮಕ್ಕಳ ಮೇಲೆ ಲೋಕದ ಕಣ್ಣು ಬಿದ್ದೀತೆಂಬ ಹೆತ್ತ ಕರುಳಿನ ಭಯ ಎಲ್ಲೆಡೆಯೂ ಒಂದೇ.

ಬಳಿಕ ವಧೂವರರನ್ನು ಎದುರುಬದುರು ಕುರ್ಚಿಗಳಲ್ಲಿ ಕೂರಿಸಿ ನಡುವೆ ಬಿಳಿಯ ಬಟ್ಟೆಯನ್ನು ಹಿಡಿದರು. ನಮ್ಮ ಅಂತರಪಟವೇ! ಪರದೆಯ ಕೆಳಗಿನಿಂದ ಇಬ್ಬರೂ ಬಲಗೈಗಳನ್ನು ಹಿಡಿದುಕೊಂಡರು. ಎಡಗೈಯಲ್ಲಿ ಅಕ್ಕಿಯ ಕಾಳು. ಪುರೋಹಿತರು ಮಂತ್ರ ಪಠಿಸುತ್ತ ಇಬ್ಬರನ್ನೂ ಬಳಸಿ ಏಳು ಸುತ್ತು ನೂಲು ಸುತ್ತಿದರು. ಹಿಡಿದ ಕೈಗಳನ್ನೂ ಏಳು ಸುತ್ತು ನೂಲಿನಿಂದ ಕಟ್ಟಿದರು. ಒಂದೆಳೆ ನೂಲು ಮಗುವಿನ ಕೈಯಲ್ಲೂ ಹರಿಯುವಂಥದು, ಏಳು ಸುತ್ತಾದರೆ ಜಗ್ಗಿದರೂ ಹರಿಯದು ಎಂದು ಪಕ್ಕದಲ್ಲಿದ್ದ ವೃದ್ಧರೊಬ್ಬರು ಅರ್ಥ ಹೇಳಿದರು. ಬೆಂಕಿಯ ಮೇಲೆ ಲೋಬಾನ ಬಿದ್ದು ಹೊಗೆಯೆದ್ದೊಡನೆ ಪರದೆ ಕೆಳಗಿಳಿಯಿತು. ತತ್‌ಕ್ಷಣ ಇಬ್ಬರೂ ಅಕ್ಕಿಯನ್ನು ಒಬ್ಬರ ಮೇಲೊಬ್ಬರು ಎರಚಿದರು. ಮೊದಲು ಎರಚಿದವರದೇ ಮನೆಯಲ್ಲಿ ಮೇಲುಗೈಯೆಂದು ಸಭೆಯೆಲ್ಲ ಕೂಗಿ ನಕ್ಕಿತು. ಹುಡುಗಿಯೇ ಗೆದ್ದಳು.

ಆ ನಗೆ ಅಡಗಿದ ಮೇಲೆ ನಡೆದುದೇ ಈ ಲೇಖನಕ್ಕೆ ಕಾರಣವಾದ ಸಂಗತಿ.

ವಧೂವರರನ್ನು ಈಗ ಪಕ್ಕಪಕ್ಕದಲ್ಲಿ ಪೂರ್ವಾಭಿಮುಖವಾಗಿ ಕೂರಿಸಿದರು. ಎರಡು ಕಡೆಯ ಸಾಕ್ಷಿಗಳು ಅವರವರ ಬಳಿ ನಿಂತರು. ಬಿಳಿಯ ನಿಲುವಂಗಿ, ಬಿಳಿಯ ಪಾಗುಗಳ ಇಬ್ಬರು ಪುರೋಹಿತರು ಎದುರು ನಿಂತು, ಇರಾನಿನ ಕೊನೆಯ ಸಸ್ಸಾನಿ ಚಕ್ರವರ್ತಿಯಾದ ಯಜ್ದಗರ್ದನ ಶಕದ ವರ್ಷ, ಮಾಸ, ದಿನಗಳನ್ನು ಹೇಳಿ, ನೆರೆದ ಸಭೆಯನ್ನು ಸಾಕ್ಷಿಗೆ ಕರೆದರು. ಆ ಶಕವು ಪ್ರಾರಂಭವಾದುದು ಕ್ರಿ.ಶ. 632ರಲ್ಲಿ. ರಾಜ್ಯ ಹೋಗಿ ಶತಮಾನಗಳು ಕಳೆದರೂ ಮದುವೆಯ ಮನೆಯಲ್ಲಿ ಆ ಅರಸನ ಹೆಸರು ಮಾಸಿಲ್ಲ. ಮೊದಲು ವರನ ಸಾಕ್ಷಿಯನ್ನು ಪ್ರಶ್ನಿಸಿದರು: ಎರಡು ಸಾವಿರ ಬೆಳ್ಳಿಯ ದಿರ್ಹಮುಗಳನ್ನೂ ನಿಶಾಪುರದ ಟಂಕಸಾಲೆಯ ಎರಡು ಚಿನ್ನದ ದೀನಾರುಗಳನ್ನೂ ವಧುವಿಗೆ ಕೊಡುವ ವಾಗ್ದಾನದೊಡನೆ ಈ ಕನ್ಯೆಯನ್ನು ಸ್ವೀಕರಿಸಲು ಸಮ್ಮತವೇ ಎಂದು. ಆ ನಾಣ್ಯಗಳು ಈಗ ಮಾತಿನಲ್ಲಷ್ಟೇ ಉಳಿದಿವೆ. ಆದರೆ ವಾಗ್ದಾನ ಯಾರು ಯಾರಿಗೆ ಕೊಡತಕ್ಕದ್ದೆಂಬುದನ್ನು ವಾಚಕರು ಗಮನಿಸಬೇಕು. ಹೆಣ್ಣಿನ ತಂದೆ ಗಂಡಿನ ಮನೆಗಲ್ಲ. ಗಂಡಿನ ಮನೆ ಹೆಣ್ಣಿಗೆ. ಅನಂತರ ವಧುವಿನ ಸಾಕ್ಷಿಯನ್ನು, ನಿಮ್ಮ ಮನೆಯವರೆಲ್ಲರೂ ಶುದ್ಧ ಮನಸ್ಸಿನಿಂದ ಇದಕ್ಕೆ ಒಪ್ಪಿರುವಿರೋ ಎಂದು ಕೇಳಿದರು.

ಕಡೆಗೆ ಪುರೋಹಿತರು ಮದುಮಕ್ಕಳ ಕಡೆಗೆ ತಿರುಗಿದರು. ಸಾಯುವವರೆಗೂ ನಡೆಯಬೇಕಾದ ಈ ಒಡಂಬಡಿಕೆಗೆ ನೀವು ಸಂತುಷ್ಟ ಮನಸ್ಸಿನಿಂದ ಒಪ್ಪಿದ್ದೀರೋ ಎಂದು ಅವರಿಬ್ಬರನ್ನೇ ಕೇಳಿದರು. ವರನು ಉತ್ತರಿಸಿದನು. ವಧುವೂ ಉತ್ತರಿಸಿದಳು: "ಪಸಂದೆ ಕರ್ದಮ್." ನನಗೆ ಮೆಚ್ಚುಗೆಯಾಗಿದೆ, ಒಪ್ಪಿದ್ದೇನೆ ಎಂದು ಅದರ ಅರ್ಥ. ನಮ್ಮ ಹಳ್ಳಿಯ ಜನ ಊಟ ರುಚಿಸಿದಾಗ 'ಪಸಂದಾಗಿದೆ' ಎನ್ನುತ್ತಾರಲ್ಲ, ಅದೇ ಪಸಂದು! ದಿನಬಳಕೆಯ ನಮ್ಮ ಮಾತೊಂದು ಆ ಪ್ರಾಚೀನ ಮಂತ್ರದ ನಡುವೆ, ಮದುಮಗಳೊಬ್ಬಳ ಬಾಯಲ್ಲಿ ಕೇಳಿಬಂದಾಗ ನನ್ನ ಮೈ ನವಿರೆದ್ದಿತು.

ಆದರೆ ಪುರೋಹಿತರು ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಮೊದಲಿನಿಂದ ಎಲ್ಲರನ್ನೂ ಕೇಳಿದರು. ಮತ್ತೆ ಉತ್ತರ. ಮೂರನೆಯ ಬಾರಿಯೂ ಕೇಳಿದರು. ಒಮ್ಮೆ ಆಡಿದ ಮಾತು ನಾಚಿಕೆಯಿಂದ ಬಂದಿರಬಹುದು, ಎರಡನೆಯದು ಹಿರಿಯರ ಭಯದಿಂದ ಬಂದಿರಬಹುದು, ಮೂರನೆಯದಾದರೂ ತನ್ನದೇ ಆಗಿರಲಿ ಎಂಬ ಉದ್ದೇಶವೋ ಏನೋ, ಅಂತೂ ಆ ಹುಡುಗಿಯ ದನಿ ಮೂರನೆಯ ಸಲ ಮೊದಲಿಗಿಂತ ಸ್ಪಷ್ಟವಾಗಿತ್ತು. ಆಮೇಲೆಯೇ ಆಶೀರ್ವಾದ. ಪಾಜಂದ್ ಭಾಷೆಯಲ್ಲಿರುವ ಈ ಆಶೀರ್ವಚನವನ್ನು ಸಂಸ್ಕೃತದಲ್ಲಿಯೂ ಹೇಳುವ ಸಂಪ್ರದಾಯ ಅವರಲ್ಲಿದೆ. ಜಾದಿ ರಾಣನ ನಾಡಿನವರಿಗೂ ಅರ್ಥವಾಗಲೆಂದು ಅದು ಬಂದಿತೆನ್ನುತ್ತಾರೆ. ಅಷ್ಟೂ ಹೊತ್ತು ಪುರೋಹಿತರ ಕೈಯಿಂದ ಅಕ್ಕಿಯ ಮಳೆ. ಕೊನೆಯಲ್ಲಿ ವಿವಾಹಪತ್ರಕ್ಕೆ ಸಹಿಗಳಾದವು. 1936ರ ಪಾರಸಿ ವಿವಾಹ ಮತ್ತು ವಿಚ್ಛೇದನ ಕಾನೂನಿನಂತೆ ಪುರೋಹಿತರು ಆಶೀರ್ವಾದ ವಿಧಿಯನ್ನು ಇಬ್ಬರು ಪಾರಸಿ ಸಾಕ್ಷಿಗಳ ಸಮಕ್ಷಮದಲ್ಲಿ ನೆರವೇರಿಸದಿದ್ದರೆ ಮದುವೆ ಸಿಂಧುವಾಗದು.

ಪಾರಸಿಗಳಲ್ಲಿ ಎಲ್ಲ ಕಾಲದಲ್ಲೂ ಎಲ್ಲವೂ ಹೀಗೆಯೇ ಇತ್ತೆಂದು ನಾನು ಹೇಳಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲ್ಯವಿವಾಹ ಅವರನ್ನೂ ಬಿಟ್ಟಿರಲಿಲ್ಲ. ಅರಿಯದ ಕೂಸು ಮೂರು ಸಲವಲ್ಲ, ಮುನ್ನೂರು ಸಲ ಒಪ್ಪಿದೆನೆಂದರೂ ಅದು ಒಪ್ಪಿಗೆಯಾದೀತೇ? ಆ ಅನಿಷ್ಟದ ವಿರುದ್ಧ ಇಡೀ ದೇಶದಲ್ಲಿ ದನಿಯೆತ್ತಿದವರಲ್ಲಿ ಪಾರಸಿಗಳೇ ಆದ ಬೆಹರಾಮ್‌ಜಿ ಮಲಬಾರಿ ಅಗ್ರಗಣ್ಯರು. ಶಿಶುವಿವಾಹವನ್ನೂ ಬಲಾತ್ಕಾರದ ವೈಧವ್ಯವನ್ನೂ ಖಂಡಿಸಿದ ಅವರ ಟಿಪ್ಪಣಿಗಳು ಪ್ರಕಟವಾದುದು 1884ರಲ್ಲಿ. ಅದಾದ ಹತ್ತು ವರ್ಷಕ್ಕೆ, 1894ರಲ್ಲಿ, ನಮ್ಮ ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಎಂಟು ವರ್ಷ! ಅಷ್ಟಕ್ಕೂ ಅಂದು ಕಾನೂನು ಬೇಕಾಯಿತೆಂಬುದನ್ನು ನೆನೆದರೆ ನಾವು ನಡೆದು ಬಂದ ದಾರಿಯ ಅರಿವಾಗುತ್ತದೆ.

ಅಂದಿನ ಊಟ ಬಾಳೆಯೆಲೆಯ ಮೇಲೆಯೇ ಆಯಿತು. ಮೀನು ಮಾಂಸಗಳ ಪಂಕ್ತಿ ಬೇರೆ ಇದ್ದರೂ ನಮಗಾಗಿ ಪ್ರತ್ಯೇಕವಾಗಿ ಸಸ್ಯಾಹಾರದ ವ್ಯವಸ್ಥೆ ಮಾಡಿಸಿದ್ದರು. ಗಜ್ಜರಿ, ಒಣದ್ರಾಕ್ಷಿ, ಖರ್ಜೂರಗಳನ್ನು ಸಿಹಿಹುಳಿಯಾಗಿ ಪಾಕ ಮಾಡಿದ ಲಗ್ನದ ಉಪ್ಪಿನಕಾಯಿಯನ್ನು ನನ್ನ ಮನೆಯವರು ಎರಡನೆಯ ಸಲ ಹಾಕಿಸಿಕೊಂಡರು. ಕೈತೊಳೆದು ಬಂದ ಮೇಲೆ ನಾನು ಮಿತ್ರರ ಬಳಿ ಕುಳಿತು, "ನಿಮ್ಮ ಧರ್ಮ ದೊಡ್ಡದು; ಹೆಣ್ಣನ್ನು ಮೂರು ಸಲ ಕೇಳುತ್ತದೆ" ಎಂದು ಮನಸಾರೆ ಶ್ಲಾಘಿಸಿದೆ.

ಅವರು ನಗಲಿಲ್ಲ. "ಕೇಳುತ್ತದೆ ನಿಜ. ಆದರೆ ಗಂಡು ನಮ್ಮವನೇ ಆಗಿದ್ದರೆ ಮಾತ್ರ" ಎಂದರು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರನ್ನು ಕಣ್ಣಿನಿಂದಲೇ ತೋರಿಸಿದರು. ಅವರ ಅಕ್ಕ. ಅನ್ಯಧರ್ಮೀಯರನ್ನು ತಾನೇ ಮೆಚ್ಚಿ ಮದುವೆಯಾದವರು. ಅಂದಿನಿಂದ ಅಗ್ನಿಮಂದಿರದ ಬಾಗಿಲು ಅವರಿಗಿಲ್ಲ. ತಮ್ಮನ ಮಗಳ ಮದುವೆಗೆ ಬಂದು, ಎಲ್ಲರೊಡನೆ ನಕ್ಕು ಮಾತನಾಡಿ, ಮಂತ್ರ ನಡೆಯುವಾಗ ಮಾತ್ರ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. "ನನ್ನ ಅಣ್ಣ ಅನ್ಯಧರ್ಮದ ಹೆಣ್ಣನ್ನು ತಂದಿದ್ದರೆ ಅವನ ಮಕ್ಕಳು ನಮ್ಮವರಾಗುತ್ತಿದ್ದರು. ಅಕ್ಕನ ಮಕ್ಕಳು ಆಗಲಿಲ್ಲ" ಎಂದು ಮಿತ್ರರು ಹೇಳಿದ ಮಾತು ನನ್ನಲ್ಲಿ ಇಂದಿಗೂ ಉಳಿದಿದೆ.

ಇದಕ್ಕೆ ಆಧಾರವಾಗಿ ಹೇಳುವುದು ಮುಂಬಯಿ ಹೈಕೋರ್ಟಿನಲ್ಲಿ ದಾವರ್ ಮತ್ತು ಬೀಮನ್ ಎಂಬ ನ್ಯಾಯಮೂರ್ತಿಗಳು 1908ರಲ್ಲಿ ಕೊಟ್ಟ ತೀರ್ಪನ್ನು. ತಂದೆ ಪಾರಸಿಯಾಗಿದ್ದು ದೀಕ್ಷೆ ಪಡೆದ ಮಕ್ಕಳು ಪಾರಸಿಗಳೇ ಎಂದು ಅವರು ಹೇಳಿದರು. ತಾಯಿ ಮಾತ್ರ ಪಾರಸಿಯಾಗಿರುವ ಮಕ್ಕಳಿಗೆ ಆ ಸ್ಥಾನ ದೊರೆಯಲಿಲ್ಲ. ಶತಮಾನ ಕಳೆದ ಮೇಲೂ ಈ ಗಾಯ ಮಾಗಿಲ್ಲ. ಗುಜರಾತಿನಲ್ಲಿ ಅನ್ಯಧರ್ಮೀಯರನ್ನು ವರಿಸಿದ ಪಾರಸಿ ಮಹಿಳೆಯೊಬ್ಬರು ಹೆತ್ತವರ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಳ್ಳುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2017ರ ಡಿಸೆಂಬರಿನಲ್ಲಿ ವಲ್ಸಾಡಿನ ಪಾರಸಿ ಸಮಾಜವು ಅದಕ್ಕೆ ಸಮ್ಮತಿಸಿತು. ಇತ್ತ ಜನಸಂಖ್ಯೆಯಾದರೋ ಕರಗುತ್ತ ಬಂದಿದೆ. 2001ರ ಜನಗಣತಿಯಲ್ಲಿ ದೇಶದಲ್ಲಿ 69,601 ಮಂದಿ ಪಾರಸಿಗಳಿದ್ದರೆ 2011ರಲ್ಲಿ 57,264 ಮಂದಿ. ಅವರ ಸಂತತಿ ಉಳಿಯಲೆಂದು ಕೇಂದ್ರ ಸರ್ಕಾರವೇ 2013ರಲ್ಲಿ 'ಜಿಯೋ ಪಾರಸಿ' ಎಂಬ ಯೋಜನೆಯನ್ನು ತಂದಿತು. ಸಾವಿರ ವರ್ಷಕ್ಕೂ ಮಿಕ್ಕಿ ಪರನಾಡಿನಲ್ಲಿ ಧರ್ಮವನ್ನುಳಿಸಿಕೊಂಡದ್ದು ಈ ಬೇಲಿಯಿಂದಲೇ ಎಂದು ಕೆಲವರು. ಧರ್ಮ ಕರಗುತ್ತಿರುವುದೂ ಈ ಬೇಲಿಯಿಂದಲೇ ಎಂದು ಕೆಲವರು. ಎರಡು ಮಾತನ್ನೂ ಆಡುವವರು ಅವರಲ್ಲೇ ಇದ್ದಾರೆ, ಇಬ್ಬರದೂ ಧರ್ಮಪ್ರೀತಿಯೇ. ಹೊರಗಿನವನಾದ ನಾನು ತೀರ್ಪು ಕೊಡುವುದು ಸಲ್ಲದು.

ಸಲ್ಲದು ಮಾತ್ರವಲ್ಲ, ತೀರ್ಪು ಕೊಡುವ ಅಧಿಕಾರವೂ ನನಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಒಂದು ಮದುವೆ ಮಾಡಿದರು. ಸಮಗಾರ ಹರಳಯ್ಯನವರ ಮಗ ಶೀಲವಂತ. ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳು ಲಾವಣ್ಯ. ಲಿಂಗವಂತರಾದ ಮೇಲೆ ಕುಲವೆಲ್ಲಿಯದೆಂದು ಮಾಡಿದ ಆ ಒಂದು ಮದುವೆಗಾಗಿ ಇಬ್ಬರು ತಂದೆಯರು ಪ್ರಾಣ ತೆತ್ತರು, ಕಲ್ಯಾಣವೇ ಕದಡಿತು. ಆ ರಕ್ತದ ಋಣವನ್ನು ಹೊತ್ತ ನಾವು ಇಂದು ಹೆಣ್ಣು ಕೊಡುವಾಗ ತರುವಾಗ ಮೊದಲು ಕೇಳುವ ಪ್ರಶ್ನೆ ಯಾವುದು? ಲಿಂಗವಿದೆಯೇ ಎಂದಲ್ಲ, ಯಾವ ಒಳಪಂಗಡವೆಂದು. ಅಂದು ನನ್ನ ಜಗುಲಿಯ ಮೇಲೂ ಮೊದಲು ಇತ್ಯರ್ಥವಾದುದು ಅದೇ. ಎಲ್ಲರಿಗೂ ಅದು ಎಷ್ಟು ಸಹಜವಾಗಿತ್ತೆಂದರೆ, ಮೇಲೆ ಆ ಮಾತುಕತೆಯನ್ನು ವರ್ಣಿಸುವಾಗ ಅದನ್ನು ಬರೆಯಲು ನಾನೇ ಮರೆತಿದ್ದೇನೆ.

ಇನ್ನು ನನ್ನ ಮಗಳ ವಿಚಾರ. 1986ರಲ್ಲಿ ಅವಳ ಮದುವೆಯಾಯಿತು. ಪಂಚಕಲಶಗಳನ್ನಿಟ್ಟು, ಅಯ್ಯನವರ ಪಾದಪೂಜೆ ಮಾಡಿ, ಸಾಂಗವಾಗಿ ನೆರವೇರಿಸಿದೆ. ಅಳಿಯಂದಿರು ಸದ್ಗುಣಿಗಳು, ಅವಳು ಸುಖವಾಗಿಯೇ ಇದ್ದಾಳೆ. ಆದರೆ ಆಗ ಅವಳಿಗೆ ಶಿಕ್ಷಕರ ತರಬೇತಿಗೆ ಹೋಗಬೇಕೆಂಬ ಆಸೆಯಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವಳ ತಾಯಿಯ ಬಾಯಿಂದ. "ಏಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ, "ಕೇಳಿದ್ದರೆ ತಾನೇ ಹೇಳುವುದು, ಅಪ್ಪಾಜಿ?" ಎಂದಿದ್ದಳು. ಸುಖವಾಗಿದ್ದಾಳಲ್ಲ ಎಂದು ನಾನು ಸಮಾಧಾನ ತಂದುಕೊಂಡಿದ್ದೆ. ಆದರೆ ವಾಚಕರೇ, ಫಲ ಸಿಹಿಯಾಯಿತೆಂದ ಮಾತ್ರಕ್ಕೆ ಕೇಳದೆ ನೆಟ್ಟ ತಪ್ಪು ತಪ್ಪಲ್ಲವೆಂದಾಗುವುದಿಲ್ಲ.

ಈಗ ಜಗುಲಿಗೆ ಹಿಂದಿರುಗೋಣ. ಮಗಳ ಮಾತು ಕೇಳಿ ನಾನು ಬಂದವರ ಅಪ್ಪಣೆ ಪಡೆದು ಒಳಗೆ ಹೋದೆ. ಮೊಮ್ಮಗಳು ಅಡುಗೆಮನೆಯಲ್ಲಿ ನಿಂತಿದ್ದಳು. "ಮಗಾ, ನಿನಗೆ ಒಪ್ಪಿಗೆಯೇ?" ಎಂದು ಕೇಳಿದೆ. ಅವಳು ನನ್ನನ್ನೇ ನೋಡಿ, "ಇಲ್ಲವೆಂದರೆ ನಿಲ್ಲಿಸುತ್ತೀರಾ, ತಾತ?" ಎಂದಳು.

ಈ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. ಹೊರಗೆ ಐದಾರು ಮಂದಿ ಹಿರಿಯರು, ತಟ್ಟೆಯಲ್ಲಿ ತಾಂಬೂಲ, ಊರಿಗೆಲ್ಲ ಸುದ್ದಿ ಹಬ್ಬಿದೆ. ಮಾನದ ಪ್ರಶ್ನೆ. ಅಂದು ಆ ಸಭಾಂಗಣದಲ್ಲಿ ಮೂರು ಬಾರಿ ಕೇಳಿದ್ದನ್ನು ಮೆಚ್ಚಿದ್ದೆನಲ್ಲ. ಇಲ್ಲವೆಂಬ ಉತ್ತರವೂ ಬರಬಹುದಾದಾಗ ಮಾತ್ರ ಆ ಪ್ರಶ್ನೆಗೆ ಬೆಲೆಯೆಂಬುದು ನನಗೆ ಹೊಳೆದದ್ದು ಆ ಅಡುಗೆಮನೆಯಲ್ಲಿ, ಈ ಎಳೆಯಳ ಎದುರಿನಲ್ಲಿ. ನಮ್ಮ ಅಕ್ಕಮಹಾದೇವಿಯು ಕೌಶಿಕನಿಗೆ ಷರತ್ತುಗಳನ್ನು ವಿಧಿಸಿ, ಅವನು ಅವನ್ನು ಮುರಿದಾಗ ಅರಮನೆಯನ್ನೇ ತೊರೆದು ಹೊರಟಳೆಂದು ಹರಿಹರ ಕವಿಯು ತನ್ನ ರಗಳೆಯಲ್ಲಿ ಹೇಳುತ್ತಾನೆ. ಆಕೆಯನ್ನು ಮನೆಯ ಗೋಡೆಯ ಮೇಲೆ ಪಟವಾಗಿ ಪೂಜಿಸುವ ನಾವು, ನಮ್ಮ ಮನೆಯ ಹೆಣ್ಣು ಬಾಯಿ ತೆರೆದರೆ ಮಾತ್ರ ಬೆಚ್ಚುತ್ತೇವೆ.

"ನಿಲ್ಲಿಸುತ್ತೇನೆ" ಎಂದೆ. ನನ್ನ ದನಿ ನಡುಗಿತೆಂದು ಆಮೇಲೆ ಮಗಳು ಹೇಳಿದಳು.

"ಹಾಗಾದರೆ ಒಂದು ತಿಂಗಳು ಸಮಯ ಕೊಡಿ. ಆ ಹುಡುಗನೊಡನೆ ನಾಲ್ಕು ಮಾತಾಡಿ, ಯೋಚಿಸಿ ಹೇಳುತ್ತೇನೆ" ಎಂದಳು.

ಹೊರಗೆ ಬಂದು ಇದ್ದುದನ್ನು ಇದ್ದ ಹಾಗೆಯೇ ಹೇಳಿದೆ. ಒಬ್ಬರು ಅಸಮಾಧಾನದಿಂದ ಶಲ್ಯ ಕೊಡವಿ ಎದ್ದರು. ಆದರೆ ಅವರಲ್ಲಿ ಹಿರಿಯರಾಗಿದ್ದ ಹುಡುಗನ ಅಜ್ಜಿ, "ನಮ್ಮ ಕಾಲದಲ್ಲಿ ಯಾರೂ ಕೇಳಲಿಲ್ಲ. ಕೇಳಲಿ ಬಿಡಿ" ಎಂದು ಅವರನ್ನು ಕೂರಿಸಿದರು. ತಾಂಬೂಲ ಬದಲಾಗಲಿಲ್ಲ, ಊಟ ಮಾತ್ರ ಮಾಡಿಕೊಂಡು ಹೋದರು. ಇದನ್ನು ಬರೆಯುವ ಹೊತ್ತಿಗೆ ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಅವಳ ಉತ್ತರ ಏನೆಂದು ನಾನು ಊಹಿಸಹೋಗಿಲ್ಲ. ಯಾವುದಾದರೂ ಸರಿಯೆಂದು ಮನಸ್ಸನ್ನು ಅಣಿಮಾಡಿಕೊಂಡಿದ್ದೇನೆ.

ನಮ್ಮೂರಿನ ಅಯ್ಯನವರ ಬಳಿಯೂ ಹೋಗಿ ಒಂದು ಬಿನ್ನಹ ಮಾಡಿಕೊಂಡಿದ್ದೇನೆ. ಇವಳ ಮದುವೆ ಯಾರೊಡನೆಯೇ ಆಗಲಿ, ಮಾಂಗಲ್ಯಧಾರಣೆಗೆ ಮುಂಚೆ, ಪಂಚಕಲಶಗಳ ಎದುರಿನಲ್ಲಿ, ಸಭೆಗೆಲ್ಲ ಕೇಳುವಂತೆ, ವರನನ್ನೂ ವಧುವನ್ನೂ ಒಪ್ಪಿಗೆಯೇ ಎಂದು ಮೂರು ಬಾರಿ ಕೇಳಬೇಕೆಂದು. ಅವರು ವಯೋವೃದ್ಧರು, "ಇದು ನಮ್ಮ ಪದ್ಧತಿಯಲ್ಲಿ ಇಲ್ಲವಲ್ಲ" ಎಂದು ಮೊದಲು ಅನುಮಾನಿಸಿದರು. ಆಮೇಲೆ ತಾವೇ, "ದೀಕ್ಷೆ ಕೊಡುವಾಗ ಹೆಣ್ಣನ್ನು ಬಿಟ್ಟಿಲ್ಲ; ಮದುವೆಯಲ್ಲಿ ಕೇಳಿದರೆ ತಪ್ಪೇನು?" ಎಂದು ಒಪ್ಪಿದರು. ನಮ್ಮ ನಾಡಿಗೆ ಇದು ತೀರ ಹೊಸದೂ ಅಲ್ಲ. ಕುವೆಂಪು ಅವರ ಮಂತ್ರಮಾಂಗಲ್ಯದ ಕ್ರಮದಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದಂದಿನಿಂದ ಎಷ್ಟೋ ವಧೂವರರು ಸಭೆಯ ಮುಂದೆ ತಾವೇ ಮಾತು ಕೊಟ್ಟು ಮದುವೆಯಾಗಿದ್ದಾರೆ. ನಮ್ಮ ಮಠಗಳ ಸಾಮೂಹಿಕ ವಿವಾಹಗಳಲ್ಲಿಯೂ ಪ್ರತಿಜ್ಞೆ ಬೋಧಿಸುವ ರೂಢಿ ಬಂದಿದೆ.

ವಾಚಕ ಬಂಧುಗಳೇ, ತಮ್ಮ ಮನೆಯಲ್ಲಿಯೂ ಬೆಳೆದ ಹೆಣ್ಣುಮಕ್ಕಳಿರಬಹುದು. ತಮ್ಮ ಜಗುಲಿಗೂ ಬೀಗರು ಬರಬಹುದು. ತಾಂಬೂಲದ ತಟ್ಟೆಗೆ ಕೈ ಚಾಚುವ ಮುನ್ನ ಒಮ್ಮೆ ಒಳಗೆ ಹೋಗಿ ಬನ್ನಿ. ಮೂರು ಬಾರಿ ಕೇಳಿ. ಪರಧರ್ಮದವರ ಮದುವೆಯಿಂದ ಕಲಿತೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮಲ್ಲೇ ಇದ್ದು ಮರೆತದ್ದನ್ನು ಅವರಿಂದ ನೆನಪಿಸಿಕೊಂಡೆನಷ್ಟೆ.